ಪೂಜೆಗೆ ಕೂತ ಕೊನೆಯ ಭಾಗ

ಆ ಕಾದಂಬರಿಯ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಬರೆದವರು ಯಾರೆಂಬುದೂ ಗೊತ್ತಿಲ್ಲ. ಮುಂಬಯಿಯ ಫೋರ್ಟ್ ಪ್ರದೇಶದ ಫುಟ್‌ಪಾತಿನಲ್ಲಿ ರಾಶಿ ಹಾಕಿದ್ದ ಹಳೆಯ ಇಂಗ್ಲಿಷ್ ಪುಸ್ತಕಗಳ ನಡುವೆ ಅದು ನನ್ನ ಕೈಗೆ ಸಿಕ್ಕಾಗಲೇ ಮುಖಪುಟವಿರಲಿಲ್ಲ, ಮೊದಲ ಏಳೆಂಟು ಹಾಳೆಗಳೂ ಇರಲಿಲ್ಲ. ಆದರೂ ಕೊಂಡೆ. ಆಗ ನನಗೆ ಇಪ್ಪತ್ತಾರು ವರ್ಷ. ಚರ್ಚ್‌ಗೇಟ್ ಹತ್ತಿರ ವಿಮಾ ಕಂಪನಿಯೊಂದರಲ್ಲಿ ಹೊಸ ಕೆಲಸ. ಗೋರೆಗಾಂವ್‌ನಿಂದ ಹೋಗಿ ಬರುವ ಎರಡು ಗಂಟೆಯನ್ನು ಹೇಗಾದರೂ ಕಳೆಯಬೇಕಿತ್ತು. ಪುಸ್ತಕ ದಪ್ಪಗಿದೆ ಎನ್ನುವುದೇ ನನಗೆ ಕಂಡ ದೊಡ್ಡ ಗುಣ.

ಕಥೆ ಮುಂದೆ ಎಂದೋ ಒಂದು ಕಾಲದಲ್ಲಿ ನಡೆಯುವಂಥದ್ದು. ಸಮುದ್ರ ಏರಿ ಊರುಗಳೆಲ್ಲ ಮುಳುಗಿವೆ. ಉಳಿದ ಒಂದೇ ಗುಡ್ಡದ ಮೇಲೆ ಒಂದು ದೇವಾಲಯ, ಅದರೊಳಗೆ ಒಂದು ಜ್ವಾಲೆ. ಅದು ಆರಿದ ದಿನ ಗುಡ್ಡವೂ ಮುಳುಗುತ್ತದೆ ಎಂದು ಅಲ್ಲಿನ ಗುರುಗಳು ಜನರನ್ನು ನಂಬಿಸಿದ್ದಾರೆ. ಜ್ವಾಲೆ ಕಾಯಲು ಹೆಣ್ಣು ಯೋಧರು, ಬಾಗಿಲು ಕಾಯಲು ಗಂಡು ಯೋಧರು. ಎಲ್ಲರಿಗೂ ಕಬ್ಬಿಣದ ಮುಖವಾಡ. ಒಬ್ಬರಿಗೊಬ್ಬರು ಮಾತಾಡುವಂತಿಲ್ಲ, ಮುಖ ತೋರಿಸುವಂತಿಲ್ಲ. ತೋರಿಸಿದರೆ ಸಮುದ್ರದ ಪಾಲು. ಇಂಥ ಕಡೆ ಜ್ವಾಲೆ ಕಾಯುವ ಒಬ್ಬಳಿಗೆ, ದಿನವೂ ಮೆಟ್ಟಿಲ ಮೇಲೆ ಎಣ್ಣೆಯ ಗಡಿಗೆ ಇಟ್ಟು ಹೋಗುವ ಒಬ್ಬನ ಮೇಲೆ ಪ್ರೀತಿ ಹುಟ್ಟುತ್ತದೆ. ಮುಖ ನೋಡಿ ಅಲ್ಲ, ಗಡಿಗೆ ಇಡುವ ಸದ್ದು ಕೇಳಿ. ಮೊದಲ ಎರಡು ದಿನ ನಾನು ನಗುತ್ತಲೇ ಓದಿದೆ. ಮೂರನೆಯ ದಿನದಿಂದ ದಾದರ್ ಬಂದಿದ್ದೂ ಹೋಗಿದ್ದೂ ತಿಳಿಯುತ್ತಿರಲಿಲ್ಲ.

ನಮ್ಮ ಎಂಟು ಹದಿನಾಲ್ಕರ ಲೋಕಲ್ ಗೋರೆಗಾಂವ್‌ನಿಂದಲೇ ಹೊರಡುತ್ತಿದ್ದುದರಿಂದ ಲೇಡೀಸ್ ಡಬ್ಬಿಯಲ್ಲಿ ಕೂರಲು ಜಾಗ ಸಿಗುತ್ತಿತ್ತು. ಮಳೆಗಾಲದ ಒಂದು ಬೆಳಿಗ್ಗೆ ನಾನು ಹಾಳೆ ತಿರುಗಿಸಲು ಹೋದಾಗ ಪಕ್ಕದಿಂದ ಒಂದು ಬೆರಳು ಬಂದು ಹಾಳೆಯನ್ನು ಒತ್ತಿ ಹಿಡಿಯಿತು.

“ಸ್ವಲ್ಪ ತಾಳು. ನಂದಿನ್ನೂ ನಾಲ್ಕು ಸಾಲು ಇದೆ.”

ಅಚ್ಚ ಮೈಸೂರು ಕನ್ನಡ. ತಿರುಗಿ ನೋಡಿದರೆ ಐವತ್ತು ದಾಟಿದ ಒಬ್ಬ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿ, ಕಣ್ಣು ನನ್ನ ಪುಸ್ತಕದ ಮೇಲೆ. ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ ಕನ್ನಡದವಳೆಂದು ಗುರುತು ಹಿಡಿದಿದ್ದರಂತೆ. ಒಂದು ವಾರದಿಂದ ಪಕ್ಕದಲ್ಲಿ ಕೂತು ನನ್ನ ಜೊತೆಗೇ ಓದುತ್ತಿದ್ದರಂತೆ. ನಾನು ಬಹಳ ಬೇಗ ಹಾಳೆ ತಿರುಗಿಸುತ್ತೇನೆ, ಇದು ಓದುವ ಕ್ರಮವಲ್ಲ ಎಂದು ಬೈದರು. ಗುರುತಿಲ್ಲ ಪರಿಚಯವಿಲ್ಲ, ನನ್ನ ಪುಸ್ತಕವನ್ನೇ ಕದ್ದು ಓದಿ ನನಗೇ ಬೈಗುಳ. ನಾನು ಆಂಟಿ ಎಂದೆ. ಅಕ್ಕ ಅನ್ನಬೇಕು ಎಂದು ಅಪ್ಪಣೆಯಾಯಿತು. ಅಂದಿನಿಂದ ಅವರು ನನಗೆ ಅಕ್ಕ.

ಅಕ್ಕ ಫೋರ್ಟಿನ ಒಂದು ವಕೀಲರ ಕಚೇರಿಯಲ್ಲಿ ಟೈಪಾಗಿ ಬಂದ ದಸ್ತಾವೇಜುಗಳನ್ನು ಓದಿ ತಪ್ಪು ತಿದ್ದುವ ಕೆಲಸದಲ್ಲಿದ್ದರು. ಕೈಯಲ್ಲಿ ಸದಾ ಒಂದು ಪೆನ್ಸಿಲ್. ಏನನ್ನೇ ಓದಲಿ, ಪುಟ ಮುಗಿದ ಕೂಡಲೆ ಕೆಳಗಿನ ಬಲಮೂಲೆಯಲ್ಲಿ ಸಾಸಿವೆ ಗಾತ್ರದ ಒಂದು ರೈಟ್ ಗುರುತು ಬೀಳಲೇಬೇಕು. ದಿನಪತ್ರಿಕೆಗೂ ಹಾಕುತ್ತಿದ್ದರು, ರೈಲಿನಲ್ಲಿ ಯಾರೋ ಹಂಚಿದ ಹಪ್ಪಳದ ಜಾಹೀರಾತಿಗೂ ಹಾಕಿದ್ದನ್ನು ಕಂಡಿದ್ದೇನೆ.

ಇಬ್ಬರೂ ಒಂದೇ ಪುಸ್ತಕ ಓದುವುದು ನನ್ನ ತಾಳ್ಮೆಗೆ ಮೀರಿದ ಕೆಲಸವಾಯಿತು. ಬೆಳಿಗ್ಗೆಯೂ ಸಂಜೆಯೂ ನಮ್ಮ ಎದುರು ಸೀಟಿನಲ್ಲಿ, ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಒಬ್ಬ ಮರಾಠಿ ಹೆಂಗಸು ಕೂರುತ್ತಿದ್ದರು. ಮನೆ ಸೇರುವ ಹೊತ್ತಿಗೆ ಪಲ್ಯದ ಕೆಲಸ ಮುಗಿದಿರಲೆಂದು ಲೋಕಲಿನಲ್ಲೇ ತರಕಾರಿ ಹೆಚ್ಚಿ ಡಬ್ಬಕ್ಕೆ ತುಂಬಿಸಿಕೊಳ್ಳುವ ಹೆಂಗಸರು ನಮ್ಮ ಡಬ್ಬಿಯಲ್ಲಿ ಬೇಕಾದಷ್ಟಿದ್ದರು, ಕಾಕು ಅವರಲ್ಲೊಬ್ಬರು. ಒಂದು ಸಂಜೆ ನಮ್ಮ ಜಗಳ ನೋಡಿ ನೋಡಿ ಸಾಕಾಗಿ, ಗೋರಿಕಾಯಿ ಹೆಚ್ಚುತ್ತಿದ್ದ ಚಾಕುವನ್ನು ಸೆರಗಿಗೆ ಒರೆಸಿ ಮುಂದೆ ಚಾಚಿದರು. ಕೊಯ್ದು ಹಂಚಿಕೊಳ್ಳಿ, ಅದಕ್ಕೇನು ಜೀವ ಇದೆಯಾ ಎಂದು ಮರಾಠಿಯಲ್ಲಿ ಕೇಳಿದರು.

ನಾನೂ ಅಕ್ಕನೂ ಬೆಚ್ಚಿಬಿದ್ದೆವು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಗಳಲ್ಲಿ ಬೆಳೆದವರು ನಾವು. ಸರಸ್ವತಿಗೆ ಚಾಕು ಹಾಕುವುದೆಂದರೆ ಏನು? ಎರಡು ದಿನ ಚರ್ಚೆ ನಡೆಯಿತು. ಮೂರನೆಯ ದಿನ ಅಕ್ಕ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು, ತುಟಿಯಲ್ಲೇ ಏನೋ ಅಂದುಕೊಂಡು, ತಾವೇ ಬೆನ್ನಿಗೆ ಚಾಕು ಇಟ್ಟರು. ಮೂರು ಭಾಗವಾಯಿತು. ಹಾಳೆ ಕಳಚದಂತೆ ಹೊಲಿದು ತರುತ್ತೇನೆಂದು ಮೂರನ್ನೂ ಮನೆಗೆ ಒಯ್ದರು. ಅದು ಶುಕ್ರವಾರ. ಸೋಮವಾರ ಮೂರೂ ಭಾಗಗಳು ದಪ್ಪ ದಾರದ ಹೊಲಿಗೆ, ಶಾಲೆ ಮಕ್ಕಳ ಪುಸ್ತಕದ ಹಾಗೆ ಬ್ರೌನ್ ಪೇಪರಿನ ಹೊದಿಕೆಯೊಂದಿಗೆ ಬಂದವು.

ಮೊದಲ ಭಾಗ ನಾನು ಓದಿಯಾಗಿತ್ತು, ಅದು ಅಕ್ಕನಿಗೆ. ನಡುವಿನದು ನನಗೆ, ಆಮೇಲೆ ಅಕ್ಕನಿಗೆ. ಕೊನೆಯ ಭಾಗ ನನ್ನ ಮನೆಯಲ್ಲಿರಬೇಕು, ಅಕ್ಕನ ನಡುವಿನ ಭಾಗ ಮುಗಿಯುವ ತನಕ ಇಬ್ಬರೂ ಅದನ್ನು ಬಿಚ್ಚಬಾರದು, ಆಮೇಲೆ ರೈಲಿನಲ್ಲಿ ಒಟ್ಟಿಗೆ ಓದಬೇಕು. ಹೀಗೆ ನಾವೂ ಒಂದು ವ್ರತ ತೊಟ್ಟೆವು.

ಅಕ್ಕ ತಮ್ಮ ಮನೆಯ ಸಂಗತಿ ಹೇಳಿದ್ದು ಆ ದಿನಗಳಲ್ಲೇ. ಮೈಸೂರಿನಿಂದ ಬಂದ ಮನೆತನವಾದರೂ ಬಾಲ್ಯ ಕಳೆದದ್ದು ಗ್ರಾಂಟ್ ರೋಡ್ ಹತ್ತಿರದ ಒಂದು ಚಾಳಿನ ಒಂಟಿ ಕೋಣೆಯಲ್ಲಿ. ತಂದೆ ಬೇಗ ಹೋದರು. ಇಬ್ಬರು ತಮ್ಮಂದಿರ ಓದು, ಮದುವೆ ಎಲ್ಲ ಅಕ್ಕನ ಮೇಲೆಯೇ. ಅಕ್ಕನ ಮದುವೆ ಬೇಡವೆಂದು ಯಾರೂ ಹೇಳಲಿಲ್ಲ. ಅದರ ಮಾತೆತ್ತುವುದು ಎಲ್ಲರಿಗೂ ಮರೆತುಹೋಯಿತು, ಅಷ್ಟೆ. ತಾಯಿ ಸಾಯುವಾಗ ದೇವರ ಮುಂದಿನ ನಂದಾದೀಪ ಆರಬಾರದು ಎಂದು ಅಕ್ಕನ ಕೈಹಿಡಿದು ಮಾತು ತೆಗೆದುಕೊಂಡಿದ್ದರು. ಅದು ಈಗ ಕಿರಿಯ ತಮ್ಮನ ಗೋರೆಗಾಂವ್ ಮನೆಯಲ್ಲಿ ಉರಿಯುತ್ತಿತ್ತು. ಬೆಳಿಗ್ಗೆ ಐದಕ್ಕೊಮ್ಮೆ, ಸಂಜೆಗೊಮ್ಮೆ ಎಣ್ಣೆ. ತಮ್ಮನ ಹೆಂಡತಿಗೆ ಅದು ಒಗ್ಗದ ಕೆಲಸ. ಹಾಗಾಗಿ ಇಪ್ಪತ್ತೆರಡು ವರ್ಷದಿಂದ ಅಕ್ಕ ಒಂದು ರಾತ್ರಿಯೂ ಮನೆ ಬಿಟ್ಟು ಮಲಗಿರಲಿಲ್ಲ. ಎರಡು ಗಂಟೆ ದೂರದ ಗಿರಿಧಾಮ ಲೋಣಾವಳ ಕೂಡ ನೋಡಿರಲಿಲ್ಲ. ನನಗೆ ಕೇಳಿ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

ಶನಿವಾರ ಅಕ್ಕನಿಗೆ ಅರ್ಧ ದಿನ. ಮರಳುವಾಗ ಗ್ರಾಂಟ್ ರೋಡಿನಲ್ಲಿ ಇಳಿದು, ಅವರ ತಂದೆ ಕಾಫಿ ಕುಡಿಯುತ್ತಿದ್ದ ಉಡುಪಿ ಹೋಟೆಲಿನಲ್ಲಿ ಒಂದು ಕಾಫಿ ಕುಡಿದು ಮುಂದಿನ ಲೋಕಲ್ ಹಿಡಿಯುವುದು ಅವರ ಒಂದೇ ಒಂದು ಷೋಕಿ. ಗಣೇಶನ ಹಬ್ಬದ ಹೊತ್ತಿಗೆ ನನ್ನನ್ನೂ ಕರೆದುಕೊಂಡು ಹೋದರು. ಗಲ್ಲಾದಲ್ಲಿ ಕೂತಿದ್ದ ಯಜಮಾನರು ನಮ್ಮನ್ನು ನೋಡಿ ಎದ್ದು ಒಳಗೆ ಹೋದರು. ಅಕ್ಕ ಏನೂ ಹೇಳದೆಯೇ ಸಕ್ಕರೆ ಇಲ್ಲದ ಒಂದು ಕಾಫಿ ಬಂತು. ಅದನ್ನು ತಂದವರು ಯಜಮಾನರೇ. ಲೋಟವನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟರು. ನನಗೆ ಎಣ್ಣೆ ಗಡಿಗೆಯವನ ನೆನಪಾಯಿತು. ಅಕ್ಕನ ಮುಖ ನೋಡಿದೆ. ಅವರು ಲೋಟ ನೋಡುತ್ತಿದ್ದರು.

ಸೋಮವಾರ ರೈಲಿನಲ್ಲಿ ಅಕ್ಕನೇ ಬಾಯಿಬಿಟ್ಟರು. ಹೆಂಡತಿ ತೀರಿಕೊಂಡು ಹತ್ತು ವರ್ಷವಾದ ಆ ಯಜಮಾನರು ಹೋಟೆಲನ್ನು ತಮ್ಮನಿಗೆ ಬಿಟ್ಟುಕೊಟ್ಟು ಮಾಟುಂಗದ ಫ್ಲಾಟಿನಲ್ಲಿ ಇರುವುದೆಂದು ನಿಶ್ಚಯಿಸಿದ್ದರು. ನಾನಿಲ್ಲದ ಒಂದು ಶನಿವಾರ, ನೀವೂ ಬರುತ್ತೀರಾ ಎಂದು ಅಕ್ಕನನ್ನು ಕೇಳಿದ್ದರು. ಮದುವೆಯಾಗಿ, ಮರ್ಯಾದೆಯಾಗಿ. ಅಕ್ಕ ಉತ್ತರ ಕೊಡದೆ ಎದ್ದು ಬರುವಾಗ ಅವರು ಅಂದ ಮಾತನ್ನು ಅಕ್ಕ ಅವರದೇ ಧಾಟಿಯಲ್ಲಿ ನನಗೆ ಹೇಳಿದರು. “ಅವಸರ ಇಲ್ಲ. ವಿಜಯದಶಮಿ ದಿನ ಹೇಳಿ. ಆಗುದಿಲ್ಲ ಅಂದ್ರೂ ಕಾಫಿ ಉಂಟು.”

ಹೀಗೆ ಮಾಡಿ ಎಂದು ಹೇಳುವಷ್ಟು ವಯಸ್ಸು ನನಗಿರಲಿಲ್ಲ. ಆದರೆ ಅಕ್ಕ ಆಮೇಲೆ ಕಾದಂಬರಿಯನ್ನು ಓದುತ್ತಿದ್ದ ರೀತಿಯೇ ಬೇರೆಯಾಯಿತು. ಜ್ವಾಲೆ ಕಾಯುವವಳು ಒಂದು ಹೆಜ್ಜೆ ಮುಂದಿಟ್ಟರೆ ಅಕ್ಕನ ಪೆನ್ಸಿಲ್ ನಿಲ್ಲುತ್ತಿತ್ತು. ಕೊನೆಗೆ ಅವಳು ಏನು ಮಾಡುತ್ತಾಳೋ ಎಂದು ದಿನಕ್ಕೊಮ್ಮೆ ಕೇಳುತ್ತಿದ್ದರು. ಅದನ್ನು ಅವಳ ಬಗ್ಗೆ ಕೇಳುತ್ತಿಲ್ಲವೆಂದು ನನಗೂ ಗೊತ್ತಿತ್ತು.

ಇಲ್ಲಿ ನನ್ನ ತಪ್ಪೊಪ್ಪಿಗೆ. ನವರಾತ್ರಿಗೆ ಹಿಂದಿನ ಭಾನುವಾರ ತಡೆಯಲಾಗದೆ ಕೊನೆಯ ಭಾಗದ ಕೊನೆಯ ಪುಟವನ್ನು ಕದ್ದು ಓದಿದೆ. ಅಡುಗೆಮನೆಯಲ್ಲಿ, ನಿಂತುಕೊಂಡೇ, ಕುಕ್ಕರಿನ ಎರಡು ಸೀಟಿಯ ನಡುವೆ. ಆಕೆ ಮುಖವಾಡವನ್ನು ಮತ್ತೆ ಹಾಕಿಕೊಂಡು ಒಳಗಿನಿಂದ ಬಾಗಿಲಿಗೆ ಅಗುಳಿ ಹಾಕುತ್ತಾಳೆ. ಅವನ ದೋಣಿ ದೂರವಾಗುತ್ತದೆ. ಜ್ವಾಲೆ ಉರಿಯುತ್ತಲೇ ಇರುತ್ತದೆ. ಅಷ್ಟೆ, ಮುಗಿಯಿತು. ಪುಸ್ತಕವನ್ನು ಕಿಟಕಿಯಿಂದ ಎಸೆಯುವಷ್ಟು ಸಿಟ್ಟು ಬಂತು. ಅಕ್ಕ ಇದನ್ನು ಓದಿದರೆ ಗತಿಯೇನು?

ಆ ಚಿಂತೆಯನ್ನು ಅಮ್ಮ ತಾತ್ಕಾಲಿಕವಾಗಿ ಬಗೆಹರಿಸಿದರು. ಸಪ್ತಮಿಯ ದಿನ ನಮ್ಮ ಮನೆಯಲ್ಲಿ ಸರಸ್ವತಿ ಪೂಜೆ. ಅಂದು ಪುಸ್ತಕಗಳನ್ನು ಪೀಠದ ಮೇಲೆ ಜೋಡಿಸಿ ಅರಿಶಿನ ಕುಂಕುಮ ಹಾಕಿದರೆ ದಶಮಿಯಂದು ಪುನಃಪೂಜೆ ಮಾಡಿ ಎತ್ತುವ ತನಕ ಯಾರೂ ಮುಟ್ಟುವಂತಿಲ್ಲ. ಸಂಜೆ ಮನೆಗೆ ಬಂದರೆ ಪಂಚಾಂಗ, ಅಪ್ಪನ ಡಿಕ್ಷನರಿ ಎಲ್ಲದರ ಮೇಲೆ ನಮ್ಮ ಬ್ರೌನ್ ಪೇಪರಿನ ಕೊನೆಯ ಭಾಗ, ಅದರ ಮೇಲೆ ಎರಡು ಎಸಳು ಸೇವಂತಿಗೆ. ನನ್ನ ಕಚೇರಿ ಪರೀಕ್ಷೆಯ ಪುಸ್ತಕವೆಂದು ಅಮ್ಮ ಭಕ್ತಿಯಿಂದ ತುದಿಗೇ ಇಟ್ಟಿದ್ದರು. ದೇವರ ಹೆಸರಿನಲ್ಲಿ ಜನರ ಬಾಯಿ ಕಟ್ಟುವ ಊರಿನ ಕಥೆಗೆ ನಮ್ಮ ಮನೆಯಲ್ಲಿ ಧೂಪ ದೀಪ ನಡೆಯುತ್ತಿತ್ತು.

ಅಷ್ಟಮಿಯಂದು ಅಕ್ಕನಿಗೆ ಹೇಳಿದೆ. ಅವರದೂ ನಡುವಿನ ಭಾಗ ಮುಗಿದಿತ್ತು. ಬೇಕಾದರೆ ಅಮ್ಮ ಮಲಗಿದಾಗ ಮೆಲ್ಲಗೆ ಎಳೆದು ತರುತ್ತೇನೆ ಎಂದು ಬಾಯಿಮಾತಿಗೆ ಅಂದೆ. ಅಕ್ಕ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡು, ಪೂಜೆಗೆ ಕೂತಿದ್ದನ್ನು ಎಳೆಯಬಾರದು, ಏನೇ ಆಗಲಿ ಮುಟ್ಟಬೇಡ ಎಂದರು. ದಶಮಿಗೆ ಇನ್ನು ಎರಡೇ ದಿನವಿತ್ತು. ಅಂದು ರಜೆ, ನಾವು ಭೇಟಿಯಾಗುವುದೂ ಇರಲಿಲ್ಲ.

ನವಮಿಯ ಬೆಳಿಗ್ಗೆ ಡಬ್ಬಿಯ ಬಾಗಿಲಿಗೆ ಚೆಂಡುಹೂವಿನ ತೋರಣ. ಕಿಟಕಿಗಳ ನಡುವೆ ದೇವಿಯ ಪಟ. ಕಾಕು ಎಲ್ಲರಿಗೂ ಪೇಢೆ ಹಂಚುತ್ತಿದ್ದರು. ನವರಾತ್ರಿಯ ಒಂಬತ್ತು ದಿನ ಒಂಬತ್ತು ಬಣ್ಣದ ಸೀರೆ ಉಡುವುದು ಈ ಊರಿನ ಹೆಂಗಸರ ಪದ್ಧತಿ. ಆ ದಿನ ನವಿಲುಹಸಿರು. ಡಬ್ಬಿಗೆ ಡಬ್ಬಿಯೇ ಒಂದೇ ಬಣ್ಣ, ಸಮವಸ್ತ್ರ ತೊಟ್ಟ ಪಡೆ ಹೊರಟ ಹಾಗಿತ್ತು. ಇದೆಲ್ಲ ಹುಚ್ಚಾಟ ಎಂದು ಅಷ್ಟೂ ದಿನ ಬೂದುಬಣ್ಣದ ಕಾಟನ್ ಸೀರೆಯಲ್ಲೇ ಬಂದಿದ್ದ ಅಕ್ಕ ಅಂದು ನವಿಲುಹಸಿರು ಉಟ್ಟಿದ್ದರು. ಚೆನ್ನಾಗಿ ಕಾಣುತ್ತೀರಿ ಎಂದೆ. ನೆರಿಗೆ ಸರಿಮಾಡಿಕೊಂಡು ಕೂತರು.

ಮಹಾಲಕ್ಷ್ಮಿ ಸ್ಟೇಷನ್ ದಾಟುವಾಗ ಅಕ್ಕ ಕೇಳಿದರು.

“ನೀನು ಕದ್ದು ಓದಿರ್ತೀಯ, ನಂಗೊತ್ತು. ಕೊನೆಗೆ ಅವಳು ಏನ್ ಮಾಡಿದ್ಲು?”

ನಿಜ ಹೇಳಬಹುದಿತ್ತು. ಓದಿಲ್ಲ ಎಂದು ಜಾರಿಕೊಳ್ಳಬಹುದಿತ್ತು. ನಾನು ಎರಡನ್ನೂ ಮಾಡಲಿಲ್ಲ. ಅವಳು ಮುಖವಾಡ ತೆಗೆದು ಮೆಟ್ಟಿಲ ಮೇಲೆ ಇಟ್ಟಳು ಎಂದೆ. ಜ್ವಾಲೆಯಿಂದ ಒಂದು ಸಣ್ಣ ದೀಪ ಹಚ್ಚಿಕೊಂಡು ಅವನ ದೋಣಿ ಹತ್ತಿದಳು. ಗುಡ್ಡ ಮುಳುಗಲಿಲ್ಲ. ಏನೂ ಆಗಲಿಲ್ಲ. ಇಷ್ಟನ್ನು ಮುಂಬಯಿ ಸೆಂಟ್ರಲ್ ಬರುವಷ್ಟರಲ್ಲಿ ಕಟ್ಟಿ ಹೇಳಿದೆ. ಅಂಥ ಹಸಿ ಸುಳ್ಳನ್ನು ನಾನು ಅದಕ್ಕೆ ಮುಂಚೆಯೂ ಹೇಳಿಲ್ಲ, ಆಮೇಲೂ ಹೇಳಿಲ್ಲ.

ಅಕ್ಕ ನನ್ನ ಮುಖವನ್ನೊಮ್ಮೆ ನೋಡಿ ಪೆನ್ಸಿಲನ್ನು ಚೀಲಕ್ಕೆ ಹಾಕಿಕೊಂಡರು. ಗ್ರಾಂಟ್ ರೋಡ್ ಬಂತು. ಕಚೇರಿಗೆ ಒಂದು ದಿನವೂ ತಡವಾಗಿ ಹೋಗದ ಅಕ್ಕ, ಶನಿವಾರವಲ್ಲದ ಒಂದು ಕೆಲಸದ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಎದ್ದು, ನವಿಲುಹಸಿರಿನ ಗುಂಪನ್ನು ಸೀಳಿಕೊಂಡು ಅಲ್ಲಿ ಇಳಿದುಹೋದರು.

ಮದುವೆ ನೋಂದಣಿಗೆ ಸಾಕ್ಷಿಯಾಗಿ ನಾನೇ ಸಹಿ ಹಾಕಿದೆ. ಅರ್ಜಿಯಲ್ಲಿ ಎರಡು ತಪ್ಪು ಹುಡುಕಿ ಅಕ್ಕ ಗುಮಾಸ್ತರ ಬೆವರಿಳಿಸಿದರು. ಕಿರಿಯ ತಮ್ಮ ಮೊದಲು ಮುನಿಸಿಕೊಂಡರೂ ಆಮೇಲೆ ಅಕ್ಕನ ಟ್ರಂಕನ್ನು ತಾನೇ ಕೆಳಗಿಳಿಸಿಕೊಟ್ಟ. ನಂದಾದೀಪದಿಂದ ಒಂದು ಕಂದೀಲು ಹಚ್ಚಿಕೊಂಡು, ಅದನ್ನು ಮಡಿಲಲ್ಲಿಟ್ಟುಕೊಂಡು ಅಕ್ಕ ಟ್ಯಾಕ್ಸಿಯಲ್ಲಿ ಮಾಟುಂಗಕ್ಕೆ ಹೊರಟರು. ಮಾಹಿಮ್ ಸೇತುವೆಯ ಮೇಲೆ ಸಮುದ್ರದ ಗಾಳಿ ನುಗ್ಗಿ ಕಂದೀಲು ಆರಿಹೋಯಿತಂತೆ. ಇಪ್ಪತ್ತೆರಡು ವರ್ಷದ ದೀಪ. ಅಕ್ಕ ದೇವರೇ ಎಂದು ಕಂದೀಲನ್ನು ಸೆರಗಿನಲ್ಲಿ ಮುಚ್ಚಿಕೊಂಡರಂತೆ. ಯಜಮಾನರು ಟ್ಯಾಕ್ಸಿ ನಿಲ್ಲಿಸಿ, “ಎಂತ ಹೆದರ್ತೀರಿ, ಬೆಂಕಿಪೆಟ್ಟಿಗೆ ಇಲ್ಲೇ ಉಂಟು” ಎಂದು ಕಿಸೆಯಿಂದ ತೆಗೆದು ಹಚ್ಚಿದರಂತೆ. ಈ ಸಂಗತಿಯನ್ನು ಅಕ್ಕ ತಮ್ಮಂದಿರಿಗೂ ಹೇಳಲಿಲ್ಲ, ನನಗೊಬ್ಬಳಿಗೇ ಹೇಳಿದರು.

ಕೊನೆಯ ಭಾಗ ಕೊಡು ಎಂದು ಅಕ್ಕ ಒಂದೆರಡು ಸಲ ಕೇಳಿದರು. ಎಲ್ಲಿಟ್ಟೆನೋ ಸಿಗುತ್ತಿಲ್ಲ ಎಂದೆ. ಆಮೇಲೆ ಅವರು ಕೇಳುವುದನ್ನು ಬಿಟ್ಟರು. ನಾನೂ ಅದನ್ನು ಮತ್ತೆ ಬಿಚ್ಚಲಿಲ್ಲ. ಅಮ್ಮ ಮಾತ್ರ ಪ್ರತಿ ಸಪ್ತಮಿಗೂ ಅದನ್ನು ಹುಡುಕಿ ತಂದು ತಪ್ಪದೆ ಪೂಜೆಗೆ ಇಡುತ್ತಿದ್ದರು. ಹೊದಿಕೆಯ ಮೇಲೆ ಕುಂಕುಮ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಾ ಹೋಯಿತು. ಮಾಟುಂಗಕ್ಕೆ ಹೋದಾಗಲೆಲ್ಲ ಅವರಿಬ್ಬರು ಬಾಲ್ಕನಿಯಲ್ಲಿ ಎದುರು ಬದುರು ಕೂತು ಕಾಫಿ ಕುಡಿಯುವುದನ್ನು ನೋಡುತ್ತಿದ್ದೆ. ಲೋಣಾವಳಕ್ಕೂ ಹೋಗಿ ಬಂದರು. ಅದೇನೂ ಚೆನ್ನಾಗಿಲ್ಲ, ಬರೀ ಮಂಜು ಎಂದು ಅಕ್ಕನ ದೂರು. ನನಗೆ ನನ್ನ ಸುಳ್ಳಿನ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು.

ಹೋದ ವರ್ಷ ಯಜಮಾನರು ತೀರಿಕೊಂಡರು. ಹೆಚ್ಚು ಕಾಯಿಲೆ ಬೀಳಲಿಲ್ಲ, ನಾಲ್ಕು ದಿನದ ಆಸ್ಪತ್ರೆ. ನೋಡಲು ಹೋದಾಗ ಅಕ್ಕ ಬಾಲ್ಕನಿಯಲ್ಲಿ ಒಂದು ಕುರ್ಚಿಯಲ್ಲಿ ಕೂತಿದ್ದರು, ಇನ್ನೊಂದು ಕುರ್ಚಿ ಎದುರಿಗೆ ಹಾಗೇ ಇತ್ತು. ನನ್ನ ಹೆಮ್ಮೆ ಅಲ್ಲೇ ಕುಸಿಯಿತು. ಅವರನ್ನು ಈ ಕುರ್ಚಿಗೆ ತಂದು ಕೂರಿಸಿದವಳು ನಾನೇ ಅಲ್ಲವೇ ಎನ್ನಿಸಿತು. ಪುಸ್ತಕ ಹೇಳದಿದ್ದ ಮಾತನ್ನು ಪುಸ್ತಕದ ಬಾಯಲ್ಲಿಟ್ಟು ಒಬ್ಬರ ಬದುಕನ್ನು ತಿರುಗಿಸುವ ಅಧಿಕಾರ ನನಗೆ ಯಾರು ಕೊಟ್ಟರು? ಆ ಕಥೆಯ ಗುರುಗಳು ಮಾಡಿದ್ದೂ ಅದನ್ನೇ. ಕೆಲವು ತಿಂಗಳು ಇದನ್ನು ಹೊತ್ತು ತಿರುಗಿದೆ. ಈ ಸಲದ ದಶಮಿಗೆ ಅಮ್ಮ ಪುಸ್ತಕ ಎತ್ತಿದ ಮೇಲೆ ಬ್ರೌನ್ ಪೇಪರಿನದನ್ನು ಚೀಲದಲ್ಲಿಟ್ಟುಕೊಂಡು ಮಾಟುಂಗಕ್ಕೆ ಹೋದೆ.

ಹೋದವಳೇ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಸುಳ್ಳು ಹೇಳಿದೆ, ಕೊನೆ ಹಾಗಿಲ್ಲ, ಅವಳು ಬಾಗಿಲು ಹಾಕಿಕೊಂಡಳು, ನನ್ನನ್ನು ಕ್ಷಮಿಸಿ. ಹೇಳುತ್ತಾ ಅತ್ತೂ ಬಿಟ್ಟೆ. ಅಕ್ಕ ಪುಸ್ತಕ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಕೊನೆಯ ಪುಟ ಬಿಡಿಸಿ ನನ್ನ ಮುಂದೆ ಹಿಡಿದರು. ಕೆಳಗಿನ ಬಲಮೂಲೆಯ ಮೇಲೆ ಬೆರಳಿಟ್ಟರು.

ಪೆನ್ಸಿಲಿನ ರೈಟ್ ಗುರುತು. ಹಿಂದಿನ ಪುಟದಲ್ಲೂ ಇತ್ತು. ಅದರ ಹಿಂದಿನದರಲ್ಲೂ. ಆ ಭಾಗದ ಒಂದೊಂದು ಪುಟದಲ್ಲೂ ಇತ್ತು. ಹೊಲಿಗೆ ಹಾಕಲು ಮನೆಗೆ ಒಯ್ದಿದ್ದ ಆ ಶನಿವಾರ ಭಾನುವಾರವೇ ಅಕ್ಕ ಕೊನೆಯ ಭಾಗವನ್ನು ಪೂರ್ತಿ ಓದಿ ಮುಗಿಸಿದ್ದರು. ಅಡುಗೆಮನೆಯಲ್ಲಿ ನಿಂತು ಕದ್ದು ಓದಿದ ದಿನ ನನ್ನ ಕಣ್ಣಿಗೂ ಅದು ಬಿದ್ದಿರಲೇಬೇಕು. ಅಕ್ಕನ ಗುರುತು ಎಲ್ಲ ಕಡೆ ಇರುವುದೇ ಆಗಿದ್ದರಿಂದ, ಇಲ್ಲಿ ಅದು ಇರಬಾರದು ಎಂದು ನನಗೆ ಹೊಳೆದಿರಲಿಲ್ಲ.

“ಕೊನೆ ಏನು ಅಂತ ನಂಗೆ ಗೊತ್ತಿತ್ತು ಕಣೇ,” ಎಂದರು ಅಕ್ಕ. “ಹೋಗು ಅನ್ನೋರು ಒಬ್ರು ಬೇಕಿತ್ತು. ಮನೇಲಿ ಯಾರನ್ನ ಕೇಳಲಿ?”

ಒಳಗೆ ದೇವರ ಮುಂದೆ ದೀಪ ಉರಿಯುತ್ತಿತ್ತು. ಅಕ್ಕ ಹೋಗಿ ಎಣ್ಣೆ ಹಾಕಿ ಬಂದು, ಸೆರಗಿಗೆ ಕೈ ಒರೆಸಿಕೊಂಡು ಕೂತರು. ನನಗೆ ಎದುರಿನ ಕುರ್ಚಿ ತೋರಿಸಿದರು. ಅದರಲ್ಲಿ ಕೂರಲು ಮನಸ್ಸಾಗಲಿಲ್ಲ, ಆದರೂ ಕೂತೆ. ಅವತ್ತು ರೈಲಿನಲ್ಲಿ ಹೇಳಿದ ಕೊನೆಯನ್ನು ಇನ್ನೊಮ್ಮೆ ಹೇಳು ಎಂದರು.

ಹೇಳಿದೆ. ಅವಳು ಮುಖವಾಡ ತೆಗೆದಳು, ಮೆಟ್ಟಿಲ ಮೇಲೆ ಇಟ್ಟಳು, ಸಣ್ಣ ದೀಪ ಹಚ್ಚಿಕೊಂಡು ದೋಣಿ ಹತ್ತಿದಳು. ಇಷ್ಟಕ್ಕೇ ನಿಲ್ಲಿಸಲು ಆಗಲಿಲ್ಲ. ನಡುನೀರಿನಲ್ಲಿ ಗಾಳಿ ಬಂದು ದೀಪ ಆರಿತು ಎಂದು ಸೇರಿಸಿದೆ.

“ಹೂಂ,” ಎಂದರು ಅಕ್ಕ. “ಬೆಂಕಿಪೆಟ್ಟಿಗೆ ಅವರ ಹತ್ರ ಇತ್ತು.”